ತಪ್ಪಿಸಿಕೊಳ್ಳುವುದೂ ಒಂದು ಏಟೇ: ವ್ಯಾಂಪೈರ್ ಕಾರ್ಡ್ ಆಟದ ಹೊಡೆದಾಟವನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದು ಶನಿವಾರ ರಾತ್ರಿ ಐದು ಜನ ಕೂತು ವ್ಯಾಂಪೈರ್ ಆಡುತ್ತಿದ್ದೆವು. ನಾನು ಬೇಗನೇ ಔಟ್ ಆಗಿ ಟೀ ಕುಡಿಯುತ್ತಾ ಕೂತಿದ್ದೆ. ಕೆಲಸ ಇಲ್ಲದವನನ್ನೇ ಅಲ್ವಾ ಜಡ್ಜ್ ಮಾಡುವುದು? ನನ್ನನ್ನೂ ಮಾಡಿದರು. ಮೇಜಿನ ಮೇಲೆ ಒಬ್ಬ ಗೆಳೆಯನ ನಾಸ್ಫೆರಾಟು ಕುಲದ ವ್ಯಾಂಪೈರ್, ಒಬ್ಬ ಗೆಳತಿಯ ಟೊರೆಯಡೋರ್ ಕುಲದ ವ್ಯಾಂಪೈರ್‌ನ ಕುತ್ತಿಗೆ ಹಿಡಿದಿತ್ತು. ಆತ ಇಳಿಸಿದ್ದ ಕಾರ್ಡ್ 'ಇಮ್ಮಾರ್ಟಲ್ ಗ್ರ್ಯಾಪಲ್'. ಈ ಸುತ್ತಿನಲ್ಲಿ ಕೈಯಿಂದ ಹೊಡೆಯುವ ಸ್ಟ್ರೈಕ್ ಬಿಟ್ಟು ಬೇರೆ ಸ್ಟ್ರೈಕ್ ಬಳಸುವಂತಿಲ್ಲ ಎನ್ನುವ ಕಾರ್ಡ್ ಅದು. ಆಕೆ ಒಂದು ಕ್ಷಣ ಯೋಚಿಸಿ 'ಮೆಜೆಸ್ಟಿ' ಇಳಿಸಿದಳು. ಹೊಡೆದಾಟವನ್ನು ಅಲ್ಲಿಗೇ ಮುಗಿಸುವ ಕಾರ್ಡ್.

"ಆಗಲ್ಲ" ಅಂದ ಆತ. "ಯಾಕಾಗಲ್ಲ? ನನ್ನವಳು ಸುಮ್ನೆ ನೋಡಿದ್ರೆ ಸಾಕು, ಎದುರಿಗಿರೋನು ಮರುಳಾಗಿ ಕೈ ಬಿಡ್ತಾನೆ. ಇದರಲ್ಲಿ ಹೊಡೆಯೋದು ಎಲ್ಲಿಂದ ಬಂತು?" ಅಂದಳು ಆಕೆ.

ವಾದ ನನಗೆ ಬಹಳ ಚೆನ್ನಾಗಿ ಕಂಡಿತು. ಕುತ್ತಿಗೆ ಹಿಡಿದಿದ್ದರೇನು, ಕಣ್ಣು ಕಟ್ಟಿಲ್ಲವಲ್ಲ. ಆಕೆಯ ಪರವಾಗಿ ತೀರ್ಪು ಕೊಟ್ಟೆ. ಆ ತೀರ್ಪು ತಪ್ಪು. ಯಾಕೆ ತಪ್ಪು ಎಂದು ಹೇಳುವುದೇ ಇವತ್ತಿನ ನನ್ನ ಮಾತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 'ಮ್ಯಾಜಿಕ್' ಎಂಬ ಕಾರ್ಡ್ ಆಟವನ್ನು ಮಾಡಿದ ರಿಚರ್ಡ್ ಗಾರ್ಫೀಲ್ಡ್ ಅವರೇ ಇದನ್ನೂ ಮಾಡಿದ್ದು. 1994ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಇದನ್ನು 'ಜಿಹಾಡ್' ಎಂಬ ಹೆಸರಿನಲ್ಲಿ ತಂದಿತು. ಆ ಹೆಸರು ಬೇಡವೆಂದು ಮರುವರ್ಷವೇ 'ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್' ಎಂದು ಬದಲಾಯಿಸಿದರು. ಆಡುವವರು ವಿಟೆಸ್ ಅನ್ನುತ್ತೇವೆ. 2000ದಲ್ಲಿ ವೈಟ್ ವುಲ್ಫ್ ಮತ್ತೆ ಹೊಸ ಕಾರ್ಡ್ ತರಲು ಶುರು ಮಾಡಿತು. 2010ರಲ್ಲಿ ಅಚ್ಚು ನಿಂತಿತು. 2018ರಿಂದ ಬ್ಲ್ಯಾಕ್ ಚಾಂಟ್ರಿ ಎನ್ನುವ ಸಂಸ್ಥೆ ನಡೆಸುತ್ತಿದೆ. ಪ್ರತಿ ಆಟಗಾರನೂ ತೆರೆಯ ಹಿಂದೆ ಕೂತ ಒಬ್ಬ ಹಳೇ ವ್ಯಾಂಪೈರ್. ಕೈಯಲ್ಲಿ 30 ಪೂಲ್, ಅಂದರೆ ಆಟದಲ್ಲಿ ಉಳಿಯಲು ಬೇಕಾದ ಅಂಕ. ಹೊಡೆದಾಡುವುದು ಆತ ಮೇಜಿಗೆ ತರುವ ವ್ಯಾಂಪೈರ್ ಕಾರ್ಡುಗಳು. ಎಡಗಡೆ ಕೂತವನು ನಿಮ್ಮ ಬೇಟೆ, ಬಲಗಡೆ ಕೂತವನಿಗೆ ನೀವೇ ಬೇಟೆ. ಇಷ್ಟು ಸಾಕು. ಮತ ಹಾಕುವುದು, ಪೂಲ್ ಸೋರಿಸುವುದು, ಇವೆಲ್ಲ ಇನ್ನೊಂದು ದಿನ.

ಈ ಆಟಕ್ಕೆ ಒಂದು ಅಣ್ಣ ಇದ್ದಾನೆ. 1991ರಲ್ಲಿ ಬಂದ 'ವ್ಯಾಂಪೈರ್: ದಿ ಮಾಸ್ಕರೇಡ್' ಎಂಬ ಪಾತ್ರಾಭಿನಯದ ಆಟ. ಕುಲಗಳು, ಶಕ್ತಿಗಳು, ಹೆಸರುಗಳು ಎಲ್ಲ ಅಲ್ಲಿಂದಲೇ ಬಂದವು. ಅಲ್ಲಿ ಕಥೆ ಹೇಳುವವನು ಅಂತ ಒಬ್ಬ ಇರುತ್ತಾನೆ. ನೀವು "ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀನಿ" ಅಂದರೆ ಆತ ಯೋಚಿಸಿ "ಸರಿ, ಅವನು ಕೈ ಬಿಟ್ಟ" ಅನ್ನಬಹುದು. ಕಾರ್ಡ್ ಆಟದಲ್ಲಿ ಅಂಥವನು ಇಲ್ಲ. ಆದರೆ ಕಾರ್ಡಿನ ಮೇಲೆ ಚಿತ್ರ ಇದೆ, ಹೆಸರಿದೆ. ಅದನ್ನು ನೋಡಿ ನಾವೇ ಕಥೆ ಕಟ್ಟಿಕೊಳ್ಳುತ್ತೇವೆ, ಆಮೇಲೆ ಆ ಕಥೆಯ ಪ್ರಕಾರ ನಿಯಮ ಓದುತ್ತೇವೆ. ನಾನು ನೋಡಿದ ಜಗಳಗಳಲ್ಲಿ ಮುಕ್ಕಾಲುವಾಸಿ ಹುಟ್ಟಿದ್ದೇ ಇಲ್ಲಿ. ನಿಯಮ ಅಸ್ಪಷ್ಟವಾಗಿದೆ ಅನ್ನುತ್ತೇವೆ. ಬಹಳ ಸಲ ನಿಯಮ ಸ್ಪಷ್ಟವಾಗಿಯೇ ಇರುತ್ತದೆ, ನಮ್ಮ ತಲೆಯಲ್ಲಿನ ಸಿನಿಮಾ ಅದಕ್ಕೆ ಅಡ್ಡ ನಿಂತಿರುತ್ತದೆ.

ಹಾಗಾದರೆ ಏನು ಕೇಳಬೇಕು? "ಏನಾಯಿತು" ಅಂತ ಕೇಳಬೇಡಿ. "ಈಗ ಯಾವ ಹೊತ್ತು" ಅಂತ ಕೇಳಿ. ಹೊಡೆದಾಟದ ಒಂದು ಸುತ್ತು ಸಾಲಾದ ಬಾಗಿಲುಗಳಿದ್ದ ಹಾಗೆ. ಒಂದನ್ನು ದಾಟಿದರೆ ಹಿಂದಕ್ಕೆ ಬರುವಂತಿಲ್ಲ. ಮೊದಲು ರೇಂಜ್‌ಗೂ ಮುಂಚಿನ ಹೊತ್ತು. ಆಮೇಲೆ ರೇಂಜ್, ಅಂದರೆ ಹತ್ತಿರವೋ ದೂರವೋ. ಆಮೇಲೆ ಸ್ಟ್ರೈಕ್ ಆರಿಸುವುದಕ್ಕೂ ಮುಂಚಿನ ಹೊತ್ತು. ಆಮೇಲೆ ಸ್ಟ್ರೈಕ್. ಬಿದ್ದ ಪೆಟ್ಟಿನ ಲೆಕ್ಕ. ಹೆಚ್ಚುವರಿ ಸ್ಟ್ರೈಕ್ ಇದ್ದರೆ ಅದು. ಕೊನೆಗೆ ಪ್ರೆಸ್, ಇನ್ನೊಂದು ಸುತ್ತು ಬೇಕೋ ಬೇಡವೋ ಅಂತ. ಪ್ರತಿ ಬಾಗಿಲಲ್ಲೂ ಮೊದಲ ಅವಕಾಶ ಆ್ಯಕ್ಷನ್, ಅಂದರೆ ತನ್ನ ಸರದಿಯ ಕೆಲಸ, ಮಾಡಲು ಹೊರಟವನಿಗೆ, ತಡೆದವನಿಗೆ ಆಮೇಲೆ.

ಇದೆಲ್ಲ ಸರ್ಕಾರಿ ಕಚೇರಿಯ ಕೌಂಟರ್ ಥರ ಕಾಣಬಹುದು. ಆದರೆ ಈ ಆಟದಲ್ಲಿ ಒಂದು ಕಾರ್ಡ್ ಇಳಿಸಿದ ಕೂಡಲೇ ಇನ್ನೊಂದನ್ನು ಎಳೆದುಕೊಳ್ಳುತ್ತೀರಿ. ಸರದಿ ಮುಗಿಯುವವರೆಗೆ ಕಾಯುವ ಹಾಗಿಲ್ಲ. ಹಾಗಾಗಿ ಬೇಕಾದ ಕಾರ್ಡ್ ಈಗಷ್ಟೇ ಕೈಗೆ ಬಂದಿರುತ್ತದೆ, ಆದರೆ ಅದರ ಬಾಗಿಲು ಅರ್ಧ ನಿಮಿಷದ ಹಿಂದೆ ಮುಚ್ಚಿಹೋಗಿರುತ್ತದೆ! ಆ ಸಂಕಟ ಅನುಭವಿಸಿದವರಿಗೇ ಗೊತ್ತು. "ಅಯ್ಯೋ, ಇನ್ನೂ ರೇಂಜ್ ಮುಗ್ದಿರಲಿಲ್ಲ" ಅನ್ನುವ ಮಾತು ಆಗಲೇ ಬರುವುದು.

ಈಗ ಗ್ರ್ಯಾಪಲ್‌ಗೆ ವಾಪಸ್ ಬರೋಣ. ಈ ಒಂದು ಕಾರ್ಡ್ ಅರ್ಥವಾದರೆ ಹೊಡೆದಾಟದ ನಿಯಮ ಅರ್ಧ ಅರ್ಥವಾದ ಹಾಗೆ.

ಅದನ್ನು ಇಳಿಸಬಹುದಾದದ್ದು ರೇಂಜ್ ಹತ್ತಿರ ಇದ್ದಾಗ ಮಾತ್ರ, ಸ್ಟ್ರೈಕ್ ಆರಿಸುವ ಮುಂಚೆ ಮಾತ್ರ. ಇಳಿಸಿದ ಮೇಲೆ ಇಬ್ಬರಿಗೂ ಕೈ ಸ್ಟ್ರೈಕ್ ಒಂದೇ ಗತಿ. ಇಬ್ಬರಿಗೂ, ನೆನಪಿರಲಿ. ಹಿಡಿದವನಿಗೂ ವಿನಾಯಿತಿ ಇಲ್ಲ. ಈಗ ಪ್ರಶ್ನೆ: ಮೆಜೆಸ್ಟಿ ಏನು? ಕಾರ್ಡಿನ ಮೇಲೆ ಬರೆದಿರುವುದು 'ಸ್ಟ್ರೈಕ್: ಹೊಡೆದಾಟ ಮುಗಿಯುತ್ತದೆ' ಎಂಬ ಅರ್ಥದ ಮಾತು. ಸ್ಟ್ರೈಕ್ ಎನ್ನುವ ಪದ ಅಲ್ಲೇ ಕೂತಿದೆ. ಅದು ಸ್ಟ್ರೈಕ್, ಆದರೆ ಕೈ ಸ್ಟ್ರೈಕ್ ಅಲ್ಲ. ಮುಗಿಯಿತು. ಮರುಳಾಗುವುದು, ಕಣ್ಣು, ಚೆಲುವು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಬ್ರುಹಾ ಕುಲದವರಿಗೆ ಗ್ರ್ಯಾಪಲ್‌ನ ಶಕ್ತಿಯೂ ಇದೆ, ಮೆಜೆಸ್ಟಿಯ ಶಕ್ತಿಯೂ ಇದೆ. ಗ್ರ್ಯಾಪಲ್ ಇಳಿಸಿದ ಸುತ್ತಿನಲ್ಲಿ ಅವರ ಮೆಜೆಸ್ಟಿಯೂ ಕೈಯಲ್ಲೇ ಕೊಳೆಯಬೇಕು. ನನಗಂತೂ ಇದು ಬಹಳ ಖುಷಿ ಕೊಡುವ ವಿಷಯ.

ಡಾಡ್ಜ್ ಕೂಡ ಹಾಗೆಯೇ. ಹೊಸಬರಿಗೆ ಕನ್ನಡದಲ್ಲಿ ಆಟ ಹೇಳಿಕೊಡುವಾಗ ಇಲ್ಲೇ ಸಿಕ್ಕಿಬೀಳುತ್ತೇನೆ. ಸ್ಟ್ರೈಕ್ ಅಂದರೆ ಏಟು ಅನ್ನುತ್ತೇನೆ. ಡಾಡ್ಜ್ ಅಂದರೆ ತಪ್ಪಿಸಿಕೊಳ್ಳೋದು ಅನ್ನುತ್ತೇನೆ. ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಸಾರ್, ತಪ್ಪಿಸ್ಕೊಳ್ಳೋದು ಏಟು ಹೇಗಾಗುತ್ತೆ?" ಆಗುತ್ತದೆ ಅಂತಷ್ಟೇ ಹೇಳಬಲ್ಲೆ. ಈ ಆಟದಲ್ಲಿ ಸ್ಟ್ರೈಕ್ ಅಂದರೆ ಹೊಡೆತ ಅಂತ ಅಲ್ಲ. ಆ ಬಾಗಿಲಲ್ಲಿ ನೀವು ಮಾಡುವ ಒಂದು ಆಯ್ಕೆ ಅಂತ. ಹೊಡೆಯುವುದೂ ಆಯ್ಕೆ, ತಪ್ಪಿಸಿಕೊಳ್ಳುವುದೂ ಆಯ್ಕೆ, ಓಡಿಹೋಗುವುದೂ ಆಯ್ಕೆ. ಮೂರಕ್ಕೂ ಹೆಸರು ಸ್ಟ್ರೈಕ್. ಆದ್ದರಿಂದ ಗ್ರ್ಯಾಪಲ್ ಬಿದ್ದ ಸುತ್ತಿನಲ್ಲಿ ಡಾಡ್ಜ್ ಇಲ್ಲ. ಆದರೆ ಬಿದ್ದ ಪೆಟ್ಟನ್ನು ತಡೆಯುವ ಕಾರ್ಡ್ ಇದೆಯಲ್ಲ, ಫಾರ್ಟಿಟ್ಯೂಡ್ ಶಕ್ತಿಯವರದು, ಅದು ನಡೆಯುತ್ತದೆ. ಯಾಕೆಂದರೆ ಅದು ಸ್ಟ್ರೈಕೇ ಅಲ್ಲ, ಸ್ಟ್ರೈಕ್ ಆದ ಮೇಲಿನ ಹೊತ್ತಿನದು.

ಇನ್ನು 'ಕೈ' ಎನ್ನುವ ಪದದ ಕಾಟ ಬೇರೆ. ಕೈಯಲ್ಲಿ ಹಿಡಿದ ಕತ್ತಿಯಿಂದ ಹೊಡೆದರೆ ಅದು ಕೈ ಸ್ಟ್ರೈಕಾ? ಅಲ್ಲ. ಆ ಕತ್ತಿಯ ಪೆಟ್ಟನ್ನು ನಿಮ್ಮ ಬಲದ ಮೇಲೆಯೇ ಲೆಕ್ಕ ಹಾಕಿದರೂ ಅಲ್ಲ. ಅದು ಆಯುಧದ ಸ್ಟ್ರೈಕ್. ಹಾಗಾದರೆ ಪ್ರೋಟಿಯನ್ ಶಕ್ತಿಯಿಂದ ಉಗುರು ಬೆಳೆಸಿಕೊಂಡು ಪರಚಿದರೆ? 'ಕೈ ಸ್ಟ್ರೈಕ್‌ನ ಪೆಟ್ಟು ಈಗ ಘೋರ ಪೆಟ್ಟು' ಎಂದು ಕಾರ್ಡ್ ಹೇಳಿದ್ದರೆ ಅದು ಕೈ ಸ್ಟ್ರೈಕೇ, ಗ್ರ್ಯಾಪಲ್ ಜೊತೆ ಹೊಂದುತ್ತದೆ. (ಘೋರ ಪೆಟ್ಟು ಅಂದರೆ ಸಾದಾ ಪೆಟ್ಟಿನ ಹಾಗೆ ವಾಸಿ ಮಾಡಿಕೊಳ್ಳಲಾಗದ ಪೆಟ್ಟು.) ಉಗುರು ಒಳಗೆ, ಕತ್ತಿ ಹೊರಗೆ. ಕಥೆಯ ಪ್ರಕಾರವೂ ಇದು ಸರಿಯೇ ಅಂತ ಯಾರೋ ಒಮ್ಮೆ ವಾದ ಮಾಡಿದರು. ಇರಬಹುದು. ಆದರೆ ಕಾರಣ ಅದಲ್ಲ.

ಗ್ರ್ಯಾಪಲ್‌ನ ಮೇಲ್ಮಟ್ಟದ ರೂಪದಲ್ಲಿ, ಅಂದರೆ ಆ ಶಕ್ತಿ ಚೆನ್ನಾಗಿ ಪಳಗಿದ ವ್ಯಾಂಪೈರ್ ಬಳಸಿದಾಗ, ಇನ್ನೊಂದು ಬಲೆ ಇದೆ. ಅದರ ಜೊತೆ ಒಂದು ಪ್ರೆಸ್ ಸಿಗುತ್ತದೆ. ಮುಂದಿನ ಸುತ್ತು ನಡೆದರೆ ರೇಂಜ್ ಆರಿಸುವ ಹಂತವೇ ಇಲ್ಲ, ಹತ್ತಿರವೇ. ಬಹಳ ಜನ ಇದನ್ನು "ಹಿಡಿತ ಮುಂದಿನ ಸುತ್ತಿಗೂ ಇರುತ್ತದೆ" ಅಂತ ಓದುತ್ತಾರೆ. ಚಿತ್ರ ಹಾಗೇ ಹೇಳುತ್ತದೆ, ಹಿಡಿದವನು ಬಿಟ್ಟಿಲ್ಲವಲ್ಲ. ಆದರೆ ಕೈ ಸ್ಟ್ರೈಕ್ ಮಾತ್ರ ಎಂಬ ಕಟ್ಟು 'ಈ ಸುತ್ತಿಗೆ' ಮಾತ್ರ. ಮುಂದಿನ ಸುತ್ತಿಗೆ ದಾಟುವುದು ರೇಂಜ್ ಒಂದೇ. ಇನ್ನೊಂದು ಗ್ರ್ಯಾಪಲ್ ಇಳಿಸದಿದ್ದರೆ ಎರಡನೇ ಸುತ್ತಿನಲ್ಲಿ ಟೊರೆಯಡೋರ್ ಆರಾಮಾಗಿ ಮೆಜೆಸ್ಟಿ ಇಳಿಸಿ ಹೊರಟುಹೋಗುತ್ತಾಳೆ. ಅವತ್ತು ನನ್ನ ಗೆಳತಿಗೆ ಈ ದಾರಿ ಇತ್ತು. ಒಂದು ಸುತ್ತು ಪೆಟ್ಟು ತಿಂದಿದ್ದರೆ ಸಾಕಿತ್ತು. ನಾನು ಅವಳಿಗೆ ಆ ಪೆಟ್ಟನ್ನೂ ಉಳಿಸಿಕೊಟ್ಟೆ, ಮಹಾನುಭಾವ.

ಇನ್ನೊಂದು ಗೊಂದಲ, 'ಏಕಕಾಲಕ್ಕೆ' ಎನ್ನುವ ಮಾತಿನದು. ಇಬ್ಬರ ಸ್ಟ್ರೈಕೂ ಒಟ್ಟಿಗೇ ತಗಲುತ್ತದೆ ಎಂದು ನಿಯಮ ಹೇಳುತ್ತದೆ. ಅದಕ್ಕೆ ಹೊಸಬರು ಒಟ್ಟಿಗೇ ಆರಿಸಬೇಕು ಅಂದುಕೊಳ್ಳುತ್ತಾರೆ, ಕಲ್ಲು-ಕಾಗದ-ಕತ್ತರಿ ಥರ. ಹಾಗಲ್ಲ. ಆ್ಯಕ್ಷನ್‌ಗೆ ಹೊರಟವನು ಮೊದಲು ಹೇಳಬೇಕು. ಎದುರಿನವನು ಕೇಳಿಸಿಕೊಂಡು ಆಮೇಲೆ ಹೇಳುತ್ತಾನೆ. ಆರಿಸುವುದು ಒಬ್ಬರಾದ ಮೇಲೊಬ್ಬರು, ತಗಲುವುದು ಒಟ್ಟಿಗೆ. ಇದಕ್ಕೂ ಎರಡು ವಿನಾಯಿತಿ ಇವೆ. ಹೊಡೆದಾಟ ಮುಗಿಸುವ ಸ್ಟ್ರೈಕ್ ಎಲ್ಲಕ್ಕಿಂತ ಮೊದಲು ನಡೆಯುತ್ತದೆ, ರೇಂಜ್ ದೂರ ಇದ್ದರೂ ನಡೆಯುತ್ತದೆ, ಅದನ್ನು ಡಾಡ್ಜ್ ಮಾಡಲೂ ಆಗುವುದಿಲ್ಲ. ಅದರ ನಂತರ ಫಸ್ಟ್ ಸ್ಟ್ರೈಕ್ ಇದ್ದವರು. ಆಮೇಲೆ ಉಳಿದ ಮಂದಿ.

ಈಗ ನನಗೆ ಬಹಳ ಇಷ್ಟವಾದ ಲೆಕ್ಕ. ರಕ್ತ ಕದಿಯುವ ಸ್ಟ್ರೈಕ್ ಇದೆ. ರಕ್ತ ಅಂದರೆ ವ್ಯಾಂಪೈರ್ ಕಾರ್ಡಿನ ಮೇಲೆ ಇಡುವ ಬಿಲ್ಲೆಗಳು, ಅದರ ಜೀವಬಲ. ವ್ಯಾಂಪೈರ್‌ಗೆ ಇದಕ್ಕಿಂತ ದೊಡ್ಡ ಗಾಯ ಬೇಕಾ? ಆದರೂ ನಿಯಮದ ಪ್ರಕಾರ ಅದು ಪೆಟ್ಟೇ ಅಲ್ಲ. ಹಾಗಾಗಿ ಪೆಟ್ಟು ತಡೆಯುವ ಕಾರ್ಡ್ ಅದರ ಮುಂದೆ ನಡೆಯುವುದಿಲ್ಲ. ನನ್ನ ವ್ಯಾಂಪೈರ್ ಹತ್ತಿರ 1 ರಕ್ತ ಇದೆ ಅಂದುಕೊಳ್ಳಿ, ಆದರೆ ಅದು ದೊಡ್ಡ ವ್ಯಾಂಪೈರ್, ಇನ್ನೂ ತುಂಬಿಕೊಳ್ಳಲು ಜಾಗ ಇದೆ. ನಿಮ್ಮದರ ಹತ್ತಿರ 2 ರಕ್ತ. ನಾನು 2 ರಕ್ತ ಕದಿಯುತ್ತೇನೆ, ಅದೇ ಹೊತ್ತಿಗೆ ನೀವು ನನಗೆ 3 ಪೆಟ್ಟು ಹೊಡೆಯುತ್ತೀರಿ. ಯಾರು ಬಿದ್ದರು?

ಯಾರೂ ಬೀಳುವುದಿಲ್ಲ. ಕದಿಯುವುದು ಸ್ಟ್ರೈಕ್ ತಗಲಿದ ಕ್ಷಣದಲ್ಲೇ ಆಗುತ್ತದೆ. ಪೆಟ್ಟು ವಾಸಿ ಮಾಡಿಕೊಳ್ಳುವುದು ಅದರ ನಂತರದ ಹೊತ್ತು. ಆ ಹೊತ್ತಿಗೆ ನನ್ನ ಹತ್ತಿರ 3 ರಕ್ತ ಇದೆ. ಒಂದು ಪೆಟ್ಟಿಗೆ ಒಂದು ರಕ್ತದಂತೆ ಮೂರನ್ನೂ ಸುಟ್ಟು ವಾಸಿ ಮಾಡಿಕೊಂಡೆ. ನಿಮ್ಮ ರಕ್ತದಿಂದಲೇ ನೀವು ಮಾಡಿದ ಗಾಯಕ್ಕೆ ಮುಲಾಮು! ಈಗ ಇಬ್ಬರ ಹತ್ತಿರವೂ ಸೊನ್ನೆ. ಸೊನ್ನೆ ರಕ್ತ ಇದ್ದರೆ ಟಾರ್ಪರ್‌ಗೆ, ಅಂದರೆ ಗಾಯಗೊಂಡ ವ್ಯಾಂಪೈರ್ ಬೀಳುವ ಜಡನಿದ್ದೆಗೆ, ಹೋಗಬೇಕಿಲ್ಲ, ಮುಂದಿನ ಸರದಿಯಲ್ಲಿ ರಕ್ತದ ಬೇಟೆಗೆ ಹೋಗಲೇಬೇಕು ಅಷ್ಟೇ. ಇಲ್ಲಿಯೂ ಉತ್ತರ ಸಿಕ್ಕಿದ್ದು ಏನಾಯಿತು ಅನ್ನುವುದರಿಂದಲ್ಲ, ಯಾವುದು ಮೊದಲು ಅನ್ನುವುದರಿಂದ.

ಘೋರ ಪೆಟ್ಟಿನಲ್ಲೂ ಹೀಗೇ. 3 ರಕ್ತ ಇರುವ ವ್ಯಾಂಪೈರ್‌ಗೆ 2 ಸಾದಾ ಪೆಟ್ಟು, 2 ಘೋರ ಪೆಟ್ಟು ಒಟ್ಟಿಗೆ ಬಿದ್ದವು. ಸಾದಾ ಪೆಟ್ಟಿನ ಲೆಕ್ಕ ಮೊದಲು, 2 ರಕ್ತ ಹೋಯಿತು. ಮೊದಲ ಘೋರ ಪೆಟ್ಟನ್ನು ವಾಸಿ ಮಾಡಲು ಆಗದು, ಗಾಯ ಆಯಿತು. ಎರಡನೆಯದು ಸುಟ್ಟು ಬೂದಿ ಮಾಡಬೇಕಿತ್ತು, ಉಳಿದ 1 ರಕ್ತ ಕೊಟ್ಟು ಪ್ರಾಣ ಉಳಿಸಿಕೊಂಡಿತು. ಖಾಲಿಯಾಗಿ ಟಾರ್ಪರ್‌ಗೆ ಹೋಯಿತು. ಇನ್ನೊಂದೇ ಒಂದು ಸಾದಾ ಪೆಟ್ಟು ಬಿದ್ದಿದ್ದರೆ ಕಥೆ ಮುಗಿದಿತ್ತು. ಮೇಜಿನ ಮೇಲೆ ಈ ಲೆಕ್ಕವನ್ನು ಬಾಯಿ ಬಿಟ್ಟು, ಒಂದೊಂದಾಗಿ ಹೇಳಿಕೊಂಡು ಮಾಡಿ. ಮನಸ್ಸಿನಲ್ಲೇ ಮಾಡಿದರೆ ಜಗಳ ಗ್ಯಾರಂಟಿ.

"ಹಾಗಾದರೆ ಅಸ್ಪಷ್ಟತೆ ಅನ್ನುವುದೇ ಇಲ್ವಾ?" ಅಂತ ನೀವು ಕೇಳಬಹುದು. ಇದೆ. ಮೂವತ್ತು ವರ್ಷದ ಕಾರ್ಡುಗಳು ಒಂದೇ ಡೆಕ್ಕಿನಲ್ಲಿ ಕೂತಿರುತ್ತವೆ. ಬಳಸಿದ ಕಾರ್ಡನ್ನು ಅಡ್ಡ ತಿರುಗಿಸಿಡುವುದಕ್ಕೆ ಹಳೆಯವುಗಳಲ್ಲಿ 'ಟ್ಯಾಪ್' ಅಂತಿದೆ, ಹೊಸವುಗಳಲ್ಲಿ 'ಲಾಕ್'. ಒಂದೇ ಹೆಸರಿನ ಕಾರ್ಡ್ ಎರಡು ಅಚ್ಚಿನಲ್ಲಿ ಎರಡು ಥರ ಬರೆದಿರುತ್ತದೆ. ಅಂಥಲ್ಲಿ ಇತ್ತೀಚಿನ ಮಾತೇ ಮಾತು, ನಿಮ್ಮ ಕೈಯಲ್ಲಿರುವ ಕಾರ್ಡ್ ಎಷ್ಟೇ ಹಳೆಯದಾಗಿರಲಿ, ಎಷ್ಟೇ ದುಡ್ಡು ಕೊಟ್ಟು ತಂದಿರಲಿ. ಇನ್ನು ಕಾರ್ಡಿಗೂ ನಿಯಮಕ್ಕೂ ಜಗಳ ಬಂದರೆ ಕಾರ್ಡ್ ಗೆಲ್ಲುತ್ತದೆ. ಇದು ನಿಯಮ ಪುಸ್ತಕವೇ ಒಪ್ಪಿಕೊಂಡ ಮಾತು. ಆದರೆ ಕಾರ್ಡ್ ಎಷ್ಟು ಹೇಳಿದೆಯೋ ಅಷ್ಟಕ್ಕೆ ಮಾತ್ರ ಗೆಲ್ಲುತ್ತದೆ. ಹೇಳದೆ ಬಿಟ್ಟ ಜಾಗಕ್ಕೆ ಹಳೇ ನಿಯಮವೇ ಬಂದು ಕೂರುತ್ತದೆ, ನಮ್ಮ ಕಲ್ಪನೆ ಅಲ್ಲ.

ನಮಗೆ ಇದು ಸ್ವಲ್ಪ ಕಷ್ಟ. ನಾವು ಚೌಕಾಬಾರ ಆಡಿ ಬೆಳೆದವರು. ಎದುರಾಳಿಯ ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದಾ ಅಂತ ಕೇಳಿದರೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಮನೆಯ ಹಿರಿಯರು ಹೇಳಿದ್ದೇ ನಿಯಮ. ಅದೂ ಒಂದು ಚೆಂದ, ಅದನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೆ ವಿಟೆಸ್‌ನಲ್ಲಿ ನಿಮ್ಮ ಡೆಕ್ಕನ್ನು ನೀವು ಮನೆಯಿಂದ ಕಟ್ಟಿಕೊಂಡು ಬರುತ್ತೀರಿ, ಗ್ರ್ಯಾಪಲ್ ಹೀಗೇ ನಡೆಯುತ್ತದೆ ಅಂತ ನಂಬಿ ಅದನ್ನು ಹತ್ತು ಸಲ ತುಂಬಿರುತ್ತೀರಿ. ಮೇಜಿಗೊಂದು ನಿಯಮ ಆದರೆ ಆ ಕಟ್ಟಿದ ಕೆಲಸ ನೀರಿಗೆ ಹೋದ ಹಾಗೆ. ಅವತ್ತು ನನ್ನ ಗೆಳೆಯನಿಗೆ ಆದದ್ದು ಅದೇ.

ಮೇಜಿನ ಮೇಲೆ ಉತ್ತರ ಸಿಗದಿದ್ದರೆ ನಾನು ಈಗ ಹೀಗೆ ಮಾಡುತ್ತೇನೆ. ಮೊದಲು ಯಾವ ಬಾಗಿಲಲ್ಲಿದ್ದೇವೆ ಅಂತ ಕೇಳುತ್ತೇನೆ. ಆಮೇಲೆ ಕಾರ್ಡನ್ನು ಜೋರಾಗಿ ಓದಿಸುತ್ತೇನೆ, ಇಳಿಸಿದವನಿಂದ ಅಲ್ಲ, ಆ ಹೊಡೆದಾಟದಲ್ಲಿ ಇಲ್ಲದ ಮೂರನೆಯವನಿಂದ. ಗೆಲ್ಲಬೇಕು ಅನ್ನುವ ಆಸೆ ಇಲ್ಲದ ಬಾಯಿಂದ ಕೇಳಿದಾಗ 'ಬಹುದು' ಎಲ್ಲಿ, 'ಬೇಕು' ಎಲ್ಲಿ ಅನ್ನುವುದು ಕಿವಿಗೆ ಸರಿಯಾಗಿ ಬೀಳುತ್ತದೆ. ಆಗಲೂ ಗೊತ್ತಾಗದಿದ್ದರೆ ಎರಡು ನಿಮಿಷದಲ್ಲಿ ಒಂದು ತೀರ್ಪು, ಆಟ ಮುಂದಕ್ಕೆ. ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಆಟ ಮುಗಿದ ಮೇಲೆ ಹುಡುಕುತ್ತೇನೆ. ತಪ್ಪು ಅಂತ ಗೊತ್ತಾದರೂ ಮುಗಿದ ಆಟವನ್ನು ತಿದ್ದುವುದಿಲ್ಲ.

ಆ ನೋಟ್‌ಬುಕ್ ಇಲ್ಲೇ ಇದೆ, ಕೈಗೆ ಕೈಗೆ ದಾಟಿಸಿ ನೋಡಿ. ಮೊದಲ ಪುಟದಲ್ಲಿ ಮೆಜೆಸ್ಟಿ ಅಂತ ಇರುವುದು ನನ್ನ ಅಕ್ಷರ. ಅದರ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಕೈ ಎಲ್ಲಿದೆ ಗುರುವೇ?' ಅಂತ ಬರೆದಿರುವುದು ನಾಸ್ಫೆರಾಟು ಆಡಿದವನು.