ಮಾಂಟ್ರಿಯಲ್‌ನ ನಾಲ್ಕು ಬೆಳ್ಳಿ

ಸ್ನೇಹಿತರೆ,

ಈಜು ಮತ್ತು ಉದ್ದೀಪನ ಮದ್ದಿನ ಬಗ್ಗೆ ಮಾತಾಡಿ ಅಂದಿದ್ದಾರೆ. ನಿಷೇಧಿತ ಔಷಧಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ, ಬೇಕಾದವರು ಹುಡುಕಿ ಓದಿಕೊಳ್ಳಬಹುದು. ನಾನು ಮಾತಾಡಲು ಬಂದಿರುವುದು ಆ ಪಟ್ಟಿ ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಎಂಬುದರ ಬಗ್ಗೆ.

1972, ಮ್ಯೂನಿಕ್ ಒಲಿಂಪಿಕ್ಸ್. ಅಮೆರಿಕದ ರಿಕ್ ಡಿಮಾಂಟ್‌ಗೆ ಆಗ ಹದಿನಾರು ವರ್ಷ. 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಆಸ್ಟ್ರೇಲಿಯಾದ ಬ್ರಾಡ್ ಕೂಪರ್‌ಗಿಂತ ಸೆಕೆಂಡಿನ ನೂರನೇ ಒಂದು ಭಾಗ ಮುಂದಾಗಿ ಚಿನ್ನ ಗೆದ್ದ. ಹುಡುಗನಿಗೆ ಉಬ್ಬಸ. ಅದಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲಿ ಎಫೆಡ್ರಿನ್ ಎಂಬ ನಿಷೇಧಿತ ಉತ್ತೇಜಕ ಇತ್ತು. ತಾನು ಈ ಮದ್ದು ತಗೊಳ್ಳುತ್ತೇನೆಂದು ತಂಡಕ್ಕೆ ಕೊಟ್ಟ ಫಾರಂನಲ್ಲಿ ಬರೆದೂ ಇದ್ದ. ಆ ಮಾಹಿತಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯನ್ನು ತಲುಪಲೇ ಇಲ್ಲ. ಪದಕ ಹೋಯಿತು. 1500 ಮೀಟರ್‌ನಲ್ಲಿ ವಿಶ್ವದಾಖಲೆ ಅವನದೇ, ಅದರ ಫೈನಲ್‌ಗೂ ಇಳಿಯಲು ಬಿಡಲಿಲ್ಲ. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ 400 ಮೀಟರನ್ನು ನಾಲ್ಕು ನಿಮಿಷದೊಳಗೆ ಈಜಿದ ಮೊದಲಿಗ ಅವನೇ. ತಪ್ಪು ನಮ್ಮ ಕಡೆಯದು ಎಂದು ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿಕೊಂಡಿದ್ದು 2001ರಲ್ಲಿ. ಪದಕ ಮಾತ್ರ ಇವತ್ತಿಗೂ ವಾಪಸ್ ಬಂದಿಲ್ಲ.

ಇನ್ನು ನಾಲ್ಕು ವರ್ಷ ಮುಂದಕ್ಕೆ ಬನ್ನಿ. 1976, ಮಾಂಟ್ರಿಯಲ್. ಮ್ಯೂನಿಕ್‌ನಲ್ಲಿ ಒಂದೇ ಒಂದು ಚಿನ್ನ ಗೆಲ್ಲದ ಪೂರ್ವ ಜರ್ಮನಿಯ ಈಜುಗಾರ್ತಿಯರು ಇಲ್ಲಿ 13 ಸ್ಪರ್ಧೆಗಳಲ್ಲಿ 11 ಗೆದ್ದರು. ಅಮೆರಿಕದ ಶರ್ಲಿ ಬಾಬಾಶಾಫ್ 200, 400, 800 ಮೀಟರ್ ಫ್ರೀಸ್ಟೈಲ್ ಮೂರರಲ್ಲೂ ಎರಡನೆಯವಳು. ಮೆಡ್ಲೆ ರಿಲೇಯಲ್ಲೂ ಬೆಳ್ಳಿ. ಪೂರ್ವ ಜರ್ಮನಿಯ ಹುಡುಗಿಯರ ದನಿ, ತೋಳು ನೋಡಿದರೆ ಇದು ಬರೀ ತರಬೇತಿಯಲ್ಲ ಎಂದು ಹತ್ತೊಂಬತ್ತರ ಶರ್ಲಿ ಬಾಯಿಬಿಟ್ಟು ಹೇಳಿದಳು. ಅವಳ ದೇಶದ ಪತ್ರಿಕೆಗಳೇ ಅವಳನ್ನು ಸಿಡುಕಿ, ಸೋತು ಹೊಟ್ಟೆಕಿಚ್ಚು ಪಡುವವಳು ಎಂದು ಆಡಿಕೊಂಡವು. ಕೊನೆಯ ದಿನದ 4×100 ಫ್ರೀಸ್ಟೈಲ್ ರಿಲೇಯಲ್ಲಿ ಅಮೆರಿಕದ ನಾಲ್ವರು ವಿಶ್ವದಾಖಲೆ ಮಾಡಿ ಪೂರ್ವ ಜರ್ಮನಿಯನ್ನು ಸೋಲಿಸಿದರು. ಮದ್ದಿನ ಮುಂದೆ ಮದ್ದಿಲ್ಲದವರು ಗೆದ್ದ ಆ ಸ್ಪರ್ಧೆಯ ಕೊನೆಯ ನೂರು ಮೀಟರ್ ಈಜಿದವಳು ಇದೇ ಶರ್ಲಿ. ಈಜಿನ ಇತಿಹಾಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಚಿನ್ನ ಗೊತ್ತಿಲ್ಲ.

ಅವಳು ಹೇಳಿದ್ದು ನಿಜವೆಂದು ಜಗತ್ತಿಗೆ ತಿಳಿದದ್ದು ಬರ್ಲಿನ್ ಗೋಡೆ ಬಿದ್ದ ಮೇಲೆ. 1974ರಿಂದ ಪೂರ್ವ ಜರ್ಮನಿಯಲ್ಲಿ ಸರ್ಕಾರದ್ದೇ ಒಂದು ಗುಪ್ತ ಯೋಜನೆ ನಡೆದಿತ್ತು, ಕಡತದಲ್ಲಿ ಅದರ ಹೆಸರು 14.25. ಯೆನಾಫಾರ್ಮ್ ಕಂಪನಿಯ ಓರಲ್ ಟ್ಯೂರಿನಬಾಲ್ ಎಂಬ, ಸ್ನಾಯು ಬೆಳೆಸುವ ಸ್ಟೀರಾಯ್ಡ್ ಮಾತ್ರೆ, ನೀಲಿ ಬಣ್ಣದ್ದು. ವಿಟಮಿನ್ ಅಂತ ಹೇಳಿ ಕೊಡುತ್ತಿದ್ದರು, ಇನ್ನೂ ಶಾಲೆಗೆ ಹೋಗುವ ಹುಡುಗಿಯರಿಗೂ. ಸ್ಟೀರಾಯ್ಡ್ ಪರೀಕ್ಷೆ ಒಲಿಂಪಿಕ್ಸ್‌ನಲ್ಲಿ ಶುರುವಾದದ್ದೇ ಮಾಂಟ್ರಿಯಲ್‌ನಲ್ಲಿ. ಆದರೂ ಇವರು ಸಿಕ್ಕಿಬೀಳಲಿಲ್ಲ. ಡ್ರೆಸ್ಡೆನ್ ಹತ್ತಿರದ ಕ್ರೈಶಾದಲ್ಲಿ ಮುಂದೆ ಅವರದೇ ಪ್ರಯೋಗಾಲಯವೂ ಬಂತು. ವಿದೇಶಕ್ಕೆ ಹೊರಡುವ ಮುಂಚೆ ಅಲ್ಲಿ ಮೂತ್ರ ಪರೀಕ್ಷೆ; ಮದ್ದಿನ ಗುರುತು ಉಳಿದಿದ್ದರೆ ಪ್ರಯಾಣವೇ ರದ್ದು. ಕಳ್ಳನನ್ನು ಹಿಡಿಯಲು ಕಲಿತ ವಿದ್ಯೆಯನ್ನೆಲ್ಲ ಬಚ್ಚಿಡಲು ಬಳಸಿಕೊಂಡರು.

ಪೂರ್ವ ಜರ್ಮನಿಯ ಕ್ರೀಡಾ ಮುಖ್ಯಸ್ಥನಾಗಿದ್ದ ಮಾನ್‌ಫ್ರೆಡ್ ಎವಾಲ್ಡ್‌ಗೆ 2000ದಲ್ಲಿ ಬರ್ಲಿನ್ ನ್ಯಾಯಾಲಯ ಕೊಟ್ಟದ್ದು 22 ತಿಂಗಳ ಶಿಕ್ಷೆ, ಅದೂ ಅಮಾನತಿನಲ್ಲಿಟ್ಟು. ಜೈಲಿಗೆ ಹೋಗಲಿಲ್ಲ. ಸಾಕ್ಷಿ ಹೇಳಲು ಬಂದ ಹೆಂಗಸರು ಯಕೃತ್ತಿನ ಕಾಯಿಲೆ, ಗರ್ಭಪಾತ, ಹುಟ್ಟಿದ ಮಕ್ಕಳ ಅಂಗವೈಕಲ್ಯ ಇವನ್ನೆಲ್ಲ ಹೊತ್ತು ಬಂದವರು. ಹಾಗಾಗಿ ಆ ಹುಡುಗಿಯರನ್ನು ಮೋಸಗಾರ್ತಿಯರು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2021ರ ಆರಂಭದಲ್ಲಿ ಚೀನಾದ 23 ಈಜುಗಾರರ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದಯದ ಔಷಧ, ಆಟಗಾರರಿಗೆ ನಿಷೇಧಿಸಿದ್ದು, ಸಿಕ್ಕಿತು. ಹೋಟೆಲ್ ಅಡುಗೆಮನೆಯಿಂದ ಊಟಕ್ಕೆ ಬೆರೆತಿದೆ ಎಂದು ಚೀನಾ ಹೇಳಿತು, ಅದನ್ನು ಸುಳ್ಳೆನ್ನಲು ಆಧಾರವಿಲ್ಲವೆಂದು ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಒಪ್ಪಿತು. ತಾತ್ಕಾಲಿಕ ಅಮಾನತಿಲ್ಲ, ಪ್ರಕಟಣೆಯಿಲ್ಲ. ಅವರಲ್ಲಿ ಕೆಲವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕವನ್ನೂ ಗೆದ್ದರು. ಪಕ್ಕದ ಲೇನಿನಲ್ಲಿ ಈಜಿದವರಿಗೆ ವಿಷಯ ಗೊತ್ತಾದದ್ದು 2024ರ ಏಪ್ರಿಲ್‌ನಲ್ಲಿ, ಪತ್ರಿಕೆ ಓದಿ. ವಾಡಾ ನೇಮಿಸಿದ ಸ್ವಿಸ್ ಮಾಜಿ ಪ್ರಾಸಿಕ್ಯೂಟರ್, ಮೇಲ್ಮನವಿಗೆ ಹೋಗದ ತೀರ್ಮಾನ ಸಮಂಜಸವೇ ಎಂದರು. ಇರಬಹುದು. ಆದರೆ ಉಬ್ಬಸದ ಹುಡುಗನೊಬ್ಬನಿಗೆ ಸಿಗದ ಅನುಮಾನದ ಲಾಭ, ಹಿಂದೆ ದೊಡ್ಡ ಸಂಸ್ಥೆ ನಿಂತಾಗ ಇಪ್ಪತ್ತಮೂರು ಜನಕ್ಕೂ ಸಿಕ್ಕಿತು. ನನ್ನ ತಕರಾರು ಇಷ್ಟೇ.

ಮಾಂಟ್ರಿಯಲ್‌ನ ಹಳೆಯ ಪದಕಗಳನ್ನು ಸರಿಪಡಿಸಿ ಎಂದು 1998ರಲ್ಲಿ ಅಮೆರಿಕ ಕೇಳಿಕೊಂಡಿತ್ತು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಲಿಲ್ಲ. ಯಾರ ಕೊರಳಿನಿಂದಲೂ ಕಿತ್ತುಕೊಳ್ಳಬೇಕಿಲ್ಲ. 1992ರ ಬಾರ್ಸಿಲೋನಾದಲ್ಲಿ ತೀರ್ಪುಗಾರರೊಬ್ಬರು ತಪ್ಪು ಅಂಕ ಒತ್ತಿದ್ದರಿಂದ ಸಿಂಕ್ರೊನೈಸ್ಡ್ ಈಜಿನಲ್ಲಿ ಕೆನಡಾದ ಸಿಲ್ವಿ ಫ್ರೆಶೆಟ್‌ಗೆ ಚಿನ್ನ ತಪ್ಪಿತ್ತು. ಮರುವರ್ಷ ಅದೇ ಸಮಿತಿ, ಗೆದ್ದವಳ ಚಿನ್ನ ಮುಟ್ಟದೆ, ಇವಳಿಗೂ ಒಂದು ಕೊಟ್ಟಿತು. ಮಾಂಟ್ರಿಯಲ್‌ನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಕುರಸಾವೊದಲ್ಲಿ ಹುಟ್ಟಿದ, ನೆದರ್ಲೆಂಡ್ಸ್‌ನ ಎನಿತ್ ಬ್ರಿಗಿತಾಗೆ ಕಂಚು ಬಂತು. ಮುಂದಿದ್ದ ಇಬ್ಬರೂ ಪೂರ್ವ ಜರ್ಮನಿಯವರು. ಆ ಚಿನ್ನ ಅವಳದಾಗಿದ್ದರೆ ಒಲಿಂಪಿಕ್ ಈಜಿನಲ್ಲಿ ಚಿನ್ನ ಗೆದ್ದ ಮೊದಲ ಕಪ್ಪುವರ್ಣೀಯಳಾಗುತ್ತಿದ್ದಳು. ಆ ಸಾಲಿನಲ್ಲಿ ಇವತ್ತು ಇರುವ ಮೊದಲ ವೈಯಕ್ತಿಕ ಚಿನ್ನ ಸುರಿನಾಮ್‌ನ ಆಂಟನಿ ನೆಸ್ಟಿಯದು, 1988ರಲ್ಲಿ. ಫ್ರೆಶೆಟ್‌ಗೆ ಒಂದೇ ವರ್ಷದಲ್ಲಿ ಸಾಧ್ಯವಾದದ್ದು ಬ್ರಿಗಿತಾಗೆ ಯಾಕಿಲ್ಲ ಎಂಬ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಒಲಿಂಪಿಕ್ ಸಮಿತಿಯಿಂದ ನನಗೆ ಒಪ್ಪಿಗೆಯಾಗುವ ಉತ್ತರ ಇನ್ನೂ ಬಂದಿಲ್ಲ.