ಫಣಿಯಮ್ಮನ ತಲೆಗೂದಲು

ಎಲ್ಲರಿಗೂ ನಮಸ್ಕಾರ. ಸ್ವಾತಂತ್ರ್ಯದ ಬಗ್ಗೆ ಮಾತಾಡಿ ಅಂದರೆ ಜನ ಸಾಮಾನ್ಯವಾಗಿ ಸಂವಿಧಾನದಿಂದ ಶುರು ಮಾಡುತ್ತಾರೆ. ನಾನು ತಲೆಗೂದಲಿನಿಂದ ಶುರು ಮಾಡುತ್ತೇನೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಂದದ್ದು 1976ರಲ್ಲಿ. ನಿಮ್ಮಲ್ಲಿ ಕೆಲವರು ಪುಸ್ತಕ ಓದದೆ ಪ್ರೇಮಾ ಕಾರಂತರ ಸಿನಿಮಾ ಮಾತ್ರ ನೋಡಿರಬಹುದು. ಪರವಾಗಿಲ್ಲ. ಮಲೆನಾಡಿನ ಬ್ರಾಹ್ಮಣ ಮನೆಯ ಹುಡುಗಿ ಫಣಿಯಮ್ಮ. ಒಂಬತ್ತಕ್ಕೆ ಮದುವೆ. ಸಂಸಾರ ಅಂದರೇನು ಅಂತ ತಿಳಿಯುವ ಮೊದಲೇ ಗಂಡ ತೀರಿಕೊಂಡ. ದೊಡ್ಡವಳಾದ ಮೇಲೆ ತಲೆ ಬೋಳಿಸಿದರು. ಆಮೇಲೆ ಬದುಕಿಡೀ ಮಡಿ, ಒಪ್ಪೊತ್ತಿನ ಊಟ, ಮನೆಮಂದಿಯ ಚಾಕರಿ. ಇದು ಲೇಖಕಿಯ ಬಂಧುಬಳಗದಲ್ಲೇ ಇದ್ದ ಒಬ್ಬ ಅಜ್ಜಿಯ ಕಥೆ. ಆಕೆ ಬದುಕಿದ್ದು 1840ರಿಂದ 1952ರವರೆಗೆ, 112 ವರ್ಷ!

ಈ ಇಸವಿಗಳ ಪಕ್ಕ ಕಾನೂನುಗಳನ್ನು ಇಟ್ಟು ನೋಡಿ. 1856ರಲ್ಲಿ ಕಂಪನಿ ಆಡಳಿತದ ಪ್ರದೇಶಗಳಲ್ಲಿ ವಿಧವೆಯರ ಮರುಮದುವೆಗೆ ಕಾನೂನು ಬಂತು. ಆಗ ಈಕೆಗೆ ಹದಿನಾರು, ತಲೆ ಬೋಳು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯಲು ಹೊರಟು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಎಂಟು! ಆ ಕಾನೂನು ಮೊದಲೇ ಇದ್ದಿದ್ದರೂ ಒಂಬತ್ತರ ಫಣಿಯಮ್ಮನಿಗೆ ಏನೂ ಉಪಯೋಗ ಆಗುತ್ತಿರಲಿಲ್ಲ.

ಇಷ್ಟನ್ನು ಇತಿಹಾಸದ ಪುಸ್ತಕವೂ ಹೇಳುತ್ತದೆ, ಅಲ್ವಾ? ಕಾದಂಬರಿ ಮಾಡುವುದೇ ಬೇರೆ. ಅದು ನಮ್ಮನ್ನು ಆ ಮನೆಯೊಳಗೆ ಕೂರಿಸುತ್ತದೆ, ಮತ್ತು ಅಲ್ಲಿ ಹುಡುಕಿದರೂ ಒಬ್ಬ ದುಷ್ಟ ಸಿಗುವುದಿಲ್ಲ. ಮನೆಯವರಿಗೆ ಆಕೆಯ ಮೇಲೆ ಪ್ರೀತಿ ಇದೆ, ಮರುಕ ಇದೆ, ಆದರೂ ಕ್ಷೌರದವನನ್ನು ಕರೆಸುವವರೂ ಅವರೇ. ನನಗೆ ಪುಸ್ತಕದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಇದು. ಕೂದಲು ಬಿಡಬೇಕೋ ಕತ್ತರಿಸಬೇಕೋ, ರಾತ್ರಿ ಊಟ ಮಾಡಬೇಕೋ ಬೇಡವೋ ಅನ್ನುವುದನ್ನು ನಾವು ಯೋಚನೆಯೇ ಇಲ್ಲದೆ ತೀರ್ಮಾನ ಮಾಡುತ್ತೇವೆ. ಅದೂ ಒಂದು ಹಕ್ಕು, ಅದನ್ನು ನಮ್ಮವರೇ ಕಣ್ಣೀರು ಹಾಕುತ್ತಾ ಕಿತ್ತುಕೊಳ್ಳಬಹುದು ಅನ್ನುವುದು ಈ ಪುಟಗಳನ್ನು ಓದುವಾಗ ಮೈಗೆ ತಾಗುತ್ತದೆ. ‘ಅಜ್ಜಿಯರ ಕಾಲವೇ ನೆಮ್ಮದಿಯದು’ ಅನ್ನುವವರಿಗೆ ನಾನು ವಾದ ಮಾಡಲ್ಲ, ಸುಮ್ನೆ ಈ ಪುಸ್ತಕ ಕೊಡುತ್ತೇನೆ.

ಫಣಿಯಮ್ಮ ತನಗಾಗಿ ಎಂದೂ ಜಗಳ ಮಾಡುವುದಿಲ್ಲ. ಆದರೆ ದಾಕ್ಷಾಯಿಣಿ ಅನ್ನುವ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲ್ಲ ಅಂತ ಹಠ ಹಿಡಿದಾಗ ಆಕೆಯ ಪರ ನಿಲ್ಲುತ್ತಾಳೆ. ಮಡಿ ಪಕ್ಕಕ್ಕಿಟ್ಟು ದಲಿತ ಹೆಣ್ಣೊಬ್ಬಳ ಹೆರಿಗೆ ಮಾಡಿಸುತ್ತಾಳೆ. ತನಗೆ ಸಿಗದೇ ಹೋದದ್ದು ಇನ್ನೊಬ್ಬಳಿಗೆ ಸಿಗಲಿ ಅನ್ನುವುದು ಸಣ್ಣ ಮಾತಲ್ಲ. ‘ನಾನು ಪಟ್ಟಿದ್ದೇನೆ, ನೀನೂ ಪಡು’ ಅನ್ನುವ ಹಿರಿಯರೇ ಜಾಸ್ತಿ.

ಒಂದು ತಕರಾರೂ ಇದೆ. ಲೇಖಕಿ ಫಣಿಯಮ್ಮನನ್ನು ತೀರಾ ಸಂತಳನ್ನಾಗಿ ಮಾಡಿಬಿಟ್ಟಿದ್ದಾರೆ ಅನ್ನಿಸುತ್ತದೆ. ಆಕೆಗೆ ಸಿಟ್ಟೇ ಬರಲಿಲ್ವಾ? ಇಷ್ಟು ಒಳ್ಳೆಯವಳಾದರೆ ಮಾತ್ರ ಓದುಗರು ಮರುಗುತ್ತಾರೆ ಅಂತಲೋ ಏನೋ. ಸಿಟ್ಟೆಲ್ಲ ದಾಕ್ಷಾಯಿಣಿಯ ಪಾಲಿಗೆ ಬಂದಿದೆ. ಹಾಗಾಗಿ ಮರು ಓದಿಗೆ ಕೂತಾಗೆಲ್ಲ ನಾನು ಮೊದಲು ತೆಗೆಯುವುದು ಅವಳ ಪುಟಗಳನ್ನೇ. ನಿಮ್ಮಲ್ಲಿ ಯಾರಿಗಾದರೂ ಬೇರೆ ಥರ ಅನ್ನಿಸಿದ್ದರೆ ಈಗ ಹೇಳಿ, ಮೈಕ್ ಅಲ್ಲಿದೆ.