ಕೊಳವೆಬಾವಿಯ ಯುರೇನಿಯಂ: ಯಾರ ದೇಹಕ್ಕೆ ಎಷ್ಟು?
(ಕೋಲಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಹಿರಿಯರೇ, ಆಶಾ ಕಾರ್ಯಕರ್ತೆಯರೇ, ವಿದ್ಯಾರ್ಥಿ ಮಿತ್ರರೇ,

ಕೋಲಾರದಲ್ಲಿ ನೀರಿನ ಮಾತಿಗೆ ಪೀಠಿಕೆ ಬೇಕಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್, ಫ್ಲೋರೈಡು, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆ ಎಲ್ಲವೂ ನಿಮಗೆ ಗೊತ್ತಿರುವುದೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ, 57 ಹಳ್ಳಿಗಳಲ್ಲಿ ಯುರೇನಿಯಂ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಮೀರಿದೆ ಎಂದು ವರದಿ ಮಾಡಿದ ಮೇಲೆ, ಊರಿನಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ ಜನ ಬೋರ್‌ವೆಲ್ ಕಡೆ ಕೈ ತೋರಿಸುತ್ತಾರೆ. ಆ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಪುರಾವೆಯಾಗಬೇಕಾದರೆ ಯಾರ ದೇಹಕ್ಕೆ ಎಷ್ಟು ಸೇರಿತು ಎಂಬ ಲೆಕ್ಕ ಮೊದಲು ಸಿಗಬೇಕು.

ಹಿರೋಶಿಮಾ, ನಾಗಸಾಕಿಗಳಲ್ಲಿ ಅಧ್ಯಯನಕಾರರು ಬದುಕುಳಿದವರನ್ನು ಕಂಡು, ಬಾಂಬು ಸಿಡಿದ ಕ್ಷಣದಲ್ಲಿ ಎಲ್ಲಿದ್ದಿರಿ, ಮನೆಯ ಯಾವ ಕೋಣೆಯಲ್ಲಿ, ಯಾವ ಕಡೆ ಮುಖ ಮಾಡಿ ನಿಂತಿದ್ದಿರಿ ಎಂದು ಕೇಳಿ, ಮನೆಯ ನಕ್ಷೆಯನ್ನೂ ಬರೆದುಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಮರದ ಆ ಮನೆಗಳು ವಿಕಿರಣವನ್ನು ಎಷ್ಟು ತಡೆಯುತ್ತವೆ ಎಂದು ತಿಳಿಯಲು 1962ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ 1,500 ಅಡಿಗೂ ಎತ್ತರದ ಗೋಪುರ ನಿಲ್ಲಿಸಿ, ಅದರಲ್ಲಿ ರಕ್ಷಣಾ ಕವಚವಿಲ್ಲದ ರಿಯಾಕ್ಟರ್ ಇಟ್ಟು, ಕೆಳಗೆ ಜಪಾನೀ ಮಾದರಿಯ ಮನೆಗಳನ್ನೇ ಕಟ್ಟಿ ಅಳೆದರು. ಒಂದು ಗೋಡೆಯ ಹಿಂದೆ ನಿಂತಿದ್ದ ಮನುಷ್ಯನಿಗೆ ತಗಲಿದ್ದು ಎಷ್ಟೆಂದು ತಿಳಿಯಲು ಇಷ್ಟು ಶ್ರಮ! ಸುಮಾರು 1,20,000 ಜನರನ್ನು ದಶಕಗಳ ಕಾಲ ಅನುಸರಿಸಿದ ಆ ಅಧ್ಯಯನದಲ್ಲಿ ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಹೆಚ್ಚಿತು, ಗಡ್ಡೆಯ ಕ್ಯಾನ್ಸರುಗಳು ಬಹಳ ತಡವಾಗಿ ಹೆಚ್ಚಿದವು. ಪ್ರಮಾಣ ಏರಿದಂತೆ ಅಪಾಯವೂ ಏರುತ್ತದೆ ಎಂದು ಹೇಳಲು ಸಾಧ್ಯವಾದದ್ದು ಆ ನಕ್ಷೆಗಳಿಂದಲೇ.

ನಮ್ಮ ನೀರಿನ ಪ್ರಶ್ನೆ ಬೇರೆ. ಯುರೇನಿಯಂ-238 ಅರ್ಧದಷ್ಟು ಕ್ಷಯಿಸಲು ಸುಮಾರು 450 ಕೋಟಿ ವರ್ಷ ಬೇಕಾದ್ದರಿಂದ ಅದರ ವಿಕಿರಣ ಮಂದ; ಕುಡಿಯುವ ನೀರಿನಲ್ಲಿ ಅದರ ಮುಖ್ಯ ಹಾನಿ ರಾಸಾಯನಿಕವಾದದ್ದು, ಅದೂ ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ. ಹಾಗಾಗಿ ಮೊದಲು ನೋಡಬೇಕಾದದ್ದು ಕಿಡ್ನಿಯನ್ನು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಅದನ್ನೇ ಕೆಡಿಸುವುದರಿಂದ ಅವುಗಳನ್ನು ಬೇರ್ಪಡಿಸದೆ ನೀರನ್ನು ದೂರುವುದು ಅನ್ಯಾಯ. ಅವುಗಳ ನೆಪ ಹೇಳಿ ನೀರನ್ನು ಬಿಟ್ಟುಬಿಡುವುದೂ ಅಷ್ಟೇ ಅನ್ಯಾಯ.

ಇಲ್ಲಿಯೂ ನನ್ನ ಮಾತು ಅದೇ: ಯಾರಿಗೆ, ಎಷ್ಟು, ಎಷ್ಟು ಕಾಲ? ಒಂದು ಬೋರ್ ಬತ್ತಿ ಇನ್ನೊಂದು ಕೊರೆದಾಗ ನೀರೇ ಬದಲಾಗುತ್ತದೆ. ಶುದ್ಧ ನೀರಿನ ಘಟಕ ಬಂದ ಮೇಲೂ ಕುಡಿಯಲು ಮಾತ್ರ ಕ್ಯಾನಿನ ನೀರು. ಮುದ್ದೆಯ ಎಸರಿಗೆ, ಸಾರಿಗೆ ನಲ್ಲಿಯದೇ. ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ ಎಂಬುದನ್ನು ತಾಯಂದಿರು ದಯವಿಟ್ಟು ಮನೆಯಲ್ಲಿ ಹೇಳಬೇಕು.

ಸಮಯವಾಯಿತೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಥೋರಿಯಂ ಬೆರೆತ ಮರಳಿನಿಂದಾಗಿ ಸಹಜ ವಿಕಿರಣ ಹೆಚ್ಚಿರುವ ಕೇರಳದ ಕರುನಾಗಪ್ಪಳ್ಳಿಯ ಕರಾವಳಿಯಲ್ಲಿ ಸುಮಾರು 70,000 ಜನರನ್ನು ಅನುಸರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವು ಕ್ಯಾನ್ಸರ್ ಹೆಚ್ಚಳವನ್ನು ಕಾಣಲಿಲ್ಲ. ಅದು ಹೊರಗಿನಿಂದ ಮೈಗೆ ತಗಲುವ ವಿಕಿರಣದ ಮಾತು. ಹೊಟ್ಟೆಗೆ ಸೇರುವ ನೀರಿಗೆ ಅದನ್ನು ಹೊಂದಿಸಲಾಗದು.  ಯಾರ ದೇಹಕ್ಕೆ ಎಷ್ಟು ಸೇರಿತು ಎಂಬ ಲೆಕ್ಕಕ್ಕಾಗಿ ಪಂಚಾಯಿತಿ ಸದಸ್ಯರಲ್ಲಿ ಒಂದು ಕೋರಿಕೆ ಇದೆ: ಯಾವ ಬೋರ್ ಯಾವ ವರ್ಷ ಕೊರೆದದ್ದು, ಎಷ್ಟು ಅಡಿ, ಯಾವ ಬೀದಿಗೆ ನೀರು ಕೊಟ್ಟಿತು, ಎಂದು ಬತ್ತಿತು ಎಂಬುದನ್ನು ವಾಟರ್‌ಮ್ಯಾನ್‌ಗಳಿಂದ ಕೇಳಿ ಈ ವರ್ಷವೇ ಬರೆಸಿಡಿ, ಬತ್ತಿದ ಬೋರ್‌ಗಳನ್ನೂ ಬಿಡದೆ.